ಮಾವನ ಚಾಕು ಮಡಚದ ಭಾನುವಾರ

ಉರ್ಬೇನ್ ಏಳು ಚಾಕು ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಪ್ಯಾಂಟಿನ ಬಲಜೇಬಿನಲ್ಲಿ ಊಟದ ಚಾಕು, ಎಡಜೇಬಿನಲ್ಲಿ ದಬ್ಬಳವಿರುವ ಚಾಕು, ವೇಸ್ಟ್‌ಕೋಟಿನ ನಾಲ್ಕು ಜೇಬಿಗೆ ನಾಲ್ಕು, ಏಳನೆಯದು ಕಾಲುಚೀಲದೊಳಗೆ. ಎಲ್ಲವೂ ಮಡಚುವ ಚಾಕುಗಳೇ. ನಡೆದರೆ ಅವನಿಂದ ಕಿಣಿಕಿಣಿ ಶಬ್ದ ಬರುತ್ತಿತ್ತು. ಒಬ್ರಾಕ್ ಗುಡ್ಡದ ಮೇಲಿನ ನಮ್ಮ ಕೇರಿಯಲ್ಲಿ ಮಂಜು ಕವಿದು ಮುಖಕ್ಕೆ ಮುಖ ಕಾಣದ ದಿನವೂ ಅವನು ಬರುವುದು ಎಲ್ಲರಿಗೂ ಗೊತ್ತಾಗುತ್ತಿತ್ತು, ಹಸುಗಳಿಗೂ ಗೊತ್ತಾಗುತ್ತಿತ್ತು.

"ಅಲ್ಲ ಮಾರಾಯ, ಬ್ರೆಡ್ಡಿಗೊಂದು, ಗೊರಸಿಗೊಂದು, ಹೊಗೆಸೊಪ್ಪಿಗೊಂದು, ಒಪ್ಕೊಂಡೆ. ಕಾಲುಚೀಲದಲ್ಲಿರೋದು ಯಾತಕ್ಕೆ?" ಎಂದು ಪಕ್ಕದ ಜಮೀನಿನ ಬಾಜಿಲ್ ಒಮ್ಮೆ ಕೇಳಿದ.

"ಅದಕ್ಕೆ ಕೆಲಸ ಇಲ್ಲ. ಆರೂ ಜನ ಹೊರಟಾಗ ಅದನ್ನೊಂದೇ ಮನೇಲಿ ಬಿಟ್ಟು ಬರೋಕೆ ಮನಸ್ಸಾಗಲ್ಲ" ಎಂದ ಉರ್ಬೇನ್. ತಮಾಷೆಗೆ ಹೇಳಿದ್ದಲ್ಲ.

ಇನ್ನೂ ಇಪ್ಪತ್ತಮೂರು ಚಾಕು ಮಂಚದ ಕೆಳಗೆ ಮರದ ಪೆಟ್ಟಿಗೆಯಲ್ಲಿದ್ದವು. ಹಿಡಿ ಸೀಳಿದ್ದು, ಅಲಗು ಸವೆದು ದರ್ಭೆಯಾದದ್ದು, ಸ್ಪ್ರಿಂಗ್ ಮುರಿದದ್ದು, ಯಾರೋ ಸಗಣಿ ಕೆರೆದು ಎಸೆದದ್ದು. ಮುರಿದ ಚಾಕು ಕಂಡರೆ ಅವನ ಕರುಳು ಕಿತ್ತು ಬರುತ್ತಿತ್ತು. ಊರಲ್ಲಿ ಯಾವನಾದರೂ ತೀರಿಕೊಂಡರೆ ಅವನ ಹೆಂಡತಿಯನ್ನು ಸಮಾಧಾನ ಮಾಡಲು ಮೊದಲು ಹೋಗುವವನೂ ಇವನೇ. ಪಾಪ, ನಿಜವಾಗಿಯೂ ಕಣ್ಣೀರು ಹಾಕುತ್ತಿದ್ದ. ಆದರೆ ಒದ್ದೆ ಕಣ್ಣು, ಸತ್ತವನ ಚಾಕು ಇರಬಹುದಾದ ಮೇಜಿನ ಡ್ರಾಯರಿನ ಮೇಲೇ ಇರುತ್ತಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ರೈಲು ಹಳಿಯ ಒಂದು ತುಂಡು, ಎರಡು ಅರ, ಒಂದು ಪುಟ್ಟ ಸುತ್ತಿಗೆ, ಒಂದು ಸಾಣೆಕಲ್ಲು ಇಟ್ಟುಕೊಂಡಿದ್ದ. ಅಲ್ಲಿ ಕೂತರೆ ಹಾಲು ಕರೆಯುವ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಮಡಚುವಾಗಿನ 'ಟಕ್' ಕೇಳಿ, ಇದು ಇಂಥವರ ಚಾಕು ಎಂದು ಹೇಳಬಲ್ಲವನಾಗಿದ್ದ.

ಆ ಶಬ್ದಗಳಲ್ಲಿ ಒಂದನ್ನು ಮಾತ್ರ ಅವನು ಜನ್ಮದ ವೈರಿಯಂತೆ ದ್ವೇಷಿಸುತ್ತಿದ್ದ. ಅದು ಮಾವನ ಚಾಕುವಿನ ಶಬ್ದ.

ಉರ್ಬೇನ್ ಮನೆಅಳಿಯ. ರಸ್ತೆ ರಿಪೇರಿ ಕೂಲಿಯವನ ಮೂರನೇ ಮಗ, ಜಮೀನಿಲ್ಲ, ದನವಿಲ್ಲ. ಯುದ್ಧಕ್ಕೆ ಮುಂಚೆ ಜೆಫಿರೇನ್ ಎಂಬ ಯಜಮಾನನ ಒಬ್ಬಳೇ ಮಗಳು ನೊಯೆಲಿಯನ್ನು ಮದುವೆಯಾಗಿ, ಚಾಕುವಿನ ಪೆಟ್ಟಿಗೆಯೊಂದನ್ನು ಹೆಗಲ ಮೇಲೆ ಹೊತ್ತು ಆ ಮನೆಗೆ ಬಂದ. "ಅಳಿಯಂದ್ರು ಏನೋ ಭಾರ ಹೊತ್ಕೊಂಡು ಬಂದವ್ರೆ, ಬೆಳ್ಳಿ ಇರ್ಬೇಕು" ಎಂದು ಊರವರು ನಕ್ಕರು. ಜೆಫಿರೇನ್ ಪೆಟ್ಟಿಗೆ ತೆರೆದು ನೋಡಿ, ಮುಚ್ಚಿ, "ತುಕ್ಕು" ಎಂದ. ಆ ದಿನ ಅಳಿಯನೊಂದಿಗೆ ಅವನು ಆಡಿದ್ದು ಅದೊಂದೇ ಮಾತು.

ಊಟದ ವಿಷಯಕ್ಕೆ ಬರೋಣ. ನಮ್ಮ ಕಡೆ ಮೇಜಿನ ಮೇಲೆ ಚಾಕು ಇಡುವ ಪದ್ಧತಿ ಇಲ್ಲ. ಗಂಡಸರು ಅವರವರ ಚಾಕು ಅವರವರ ಜೇಬಿನಿಂದ ತೆಗೆಯಬೇಕು. ಮೇಜಿನ ತುದಿಯಲ್ಲಿ ಕೂತ ಯಜಮಾನ ತನ್ನ ಚಾಕು ಬಿಚ್ಚಿ, ಬ್ರೆಡ್ಡಿನ ಬೆನ್ನ ಮೇಲೆ ಶಿಲುಬೆ ಗೀರಿ, ಮೊದಲ ತುಂಡು ಕೊಯ್ದರೆ ಊಟ ಶುರು. ಅವನು ಚಾಕು ಒರೆಸಿ ಟಕ್ ಎಂದು ಮಡಚಿದರೆ ಊಟ ಮುಗಿಯಿತು. ಮುಗಿಯಿತು ಅಂದರೆ ಮುಗಿಯಿತು! ಬಾಯಲ್ಲಿದ್ದದ್ದನ್ನು ನುಂಗಬಹುದು, ಕೈಯಲ್ಲಿದ್ದದ್ದನ್ನು ಇಟ್ಟು ಏಳಬೇಕು. ಆಮೇಲೆ ಹೆಂಗಸರು, ಅಷ್ಟು ಹೊತ್ತು ಬೀರುವಿನ ಪಕ್ಕ ನಿಂತು ಬಡಿಸಿದವರು, ಕೂತು ಉಳಿದದ್ದನ್ನು ಉಣ್ಣುತ್ತಾರೆ. ಯಜಮಾನ ಮಡಚುವ ಮುಂಚೆ ಎದ್ದರೆ ಅವನ ಮುಖಕ್ಕೆ ಉಗಿದ ಹಾಗೆ. ಮಡಚಿದ ಮೇಲೂ ಕೂತಿದ್ದರೆ ಭಿಕ್ಷುಕ.

ಪದ್ಧತಿ ಎಲ್ಲ ಮನೆಯಲ್ಲೂ ಇತ್ತು. ಜೆಫಿರೇನನಷ್ಟು ಬೇಗ ಮಡಚುವ ಯಜಮಾನ ಮಾತ್ರ ಏಳೂರಲ್ಲಿ ಇರಲಿಲ್ಲ. ಮನುಷ್ಯ ಸೂಪು ಕುಡಿಯುತ್ತಿರಲಿಲ್ಲ, ಸುರಿದುಕೊಳ್ಳುತ್ತಿದ್ದ. ಬಟ್ಟಲ ತಳಕ್ಕೆ ವೈನ್ ಹೊಯ್ದು ತೊಳೆದು ಗಟಗಟ ಮುಗಿಸಿ, ಉಪ್ಪುಹಂದಿಯ ನಾಲ್ಕು ತುಂಡು, ಎರಡು ಆಲೂಗಡ್ಡೆ, ಟಕ್! ಉರ್ಬೇನ್ ಸ್ವಭಾವತಃ ನಿಧಾನಿ. ಆಲೂಗಡ್ಡೆಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿ ಕೊಯ್ಯುವವನು. ಹನ್ನೊಂದು ವರ್ಷದಲ್ಲಿ ಆ ಮೇಜಿನ ಮೇಲೆ ಅವನು ಒಂದು ದಿನವೂ ಊಟದ ಕೊನೆಗೆ ಬರುವ ಚೀಸ್‌ವರೆಗೆ ಮುಟ್ಟಲಿಲ್ಲ. ಗಾಲಿಯಂತೆ ದುಂಡಗಿನ ದೊಡ್ಡ ಚೀಸ್ ಬೀರುವಿನ ಮೇಲಿಂದ ದಿನಾ ಅವನನ್ನು ನೋಡುತ್ತಿತ್ತು, ಅವನು ಅದನ್ನು ನೋಡುತ್ತಿದ್ದ.

ಬೇಗ ಉಣ್ಣಲು ನೋಡಿದ. ನಾಲಿಗೆ ಸುಟ್ಟುಕೊಂಡು ಒಂದು ವಾರ ತೊದಲಿದ. "ಉಲ್ಟಾ ಉಣ್ಣು, ಚೀಸಿಂದ ಶುರು ಮಾಡು" ಎಂದು ಬಾಜಿಲ್ ಸಲಹೆ ಕೊಟ್ಟ. ಹಾಗೆ ಕೈ ಚಾಚಿದಾಗ ಮಾವ ಹುಬ್ಬೆತ್ತಿದ, ಕೈ ತಾನಾಗಿಯೇ ಹಿಂದೆ ಬಂತು. ನೊಯೆಲಿ ಸೆರಗಿನಂಥ ತನ್ನ ಏಪ್ರನ್ನಿನಲ್ಲಿ ಒಂದು ತುಂಡು ಅಡಗಿಸಿ ಕೊಟ್ಟಿಗೆಗೆ ತಂದುಕೊಡುತ್ತಿದ್ದಳು. ಹಸುವಿನ ಹಿಂಭಾಗ ನೋಡಿಕೊಂಡು, ಕಳ್ಳನ ಹಾಗೆ ಬಾಗಿಲ ಕಡೆ ಕಿವಿಯಿಟ್ಟು ತಿನ್ನುವುದರಲ್ಲಿ ಏನು ಸುಖ? ಅವನಿಗೆ ಬೇಕಾಗಿದ್ದದ್ದು ಚೀಸ್ ಅಲ್ಲ. ಆ ಮನೆಯ ಮೇಜಿನ ಎದುರು, ಮಾವನ ಕಣ್ಣ ಮುಂದೆ, ಗಂಡಸಿನ ಹಾಗೆ ಹೊಟ್ಟೆ ತುಂಬ ಉಂಡು ಏಳಬೇಕು. ಒಂದೇ ಒಂದು ಸಲ. ಅದು ಸಿಗದೆ ಸತ್ತರೆ ತಾನು ಆ ಮನೆಯವನಾಗದೆಯೇ ಸತ್ತಂತೆ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

ಯುದ್ಧ ಮುಗಿದು ಮೂರನೇ ವರ್ಷದ ಜುಲೈ ತಿಂಗಳು. ಹುಲ್ಲು ಕೊಯ್ದು ಹರಡಿತ್ತು, ಎರಡು ಬಿಸಿಲಿಗೆ ಗರಿಗರಿಯಾಗಿತ್ತು. ಭಾನುವಾರ ಬೆಳಿಗ್ಗೆ ಪಡುವಣ ದಿಕ್ಕಿನಲ್ಲಿ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಅಂಥ ದಿನ ಪಾದ್ರಿಗಳು ಪೂಜೆ ಮುಗಿಸಿ, ಭಾನುವಾರವಾದರೂ ಹುಲ್ಲು ಒಳಗೆ ಹಾಕಬಹುದು ಎಂದು ಅಪ್ಪಣೆ ಕೊಡುವುದುಂಟು. ಆ ಅಪ್ಪಣೆ ಸಿಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಚರ್ಚಿಗೆ ಹೊರಡುವ ಮುಂಚೆ ಜೆಫಿರೇನ್ ಕೊಟ್ಟಿಗೆಗೆ ಬಂದು ನಿಂತ. ಮುಷ್ಟಿ ಬಿಗಿದಿತ್ತು. ಬಿಚ್ಚಿದ. ಒಳಗೆ ಅವನ ಚಾಕು.

"ಅಲಗು ಅಲ್ಲಾಡ್ತದೆ. ಮಧ್ಯಾಹ್ನದ ಊಟಕ್ಕೆ ಬೇಕು" ಎಂದ.

ಉರ್ಬೇನ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಆ ಚಾಕುವನ್ನು ಮಾವ ಹೆಂಡತಿಯ ಕೈಗೂ ಕೊಟ್ಟವನಲ್ಲ. ಅವನ ಅಪ್ಪನದು ಅದು. ಹಳದಿ ಕೊಂಬಿನ ಹಿಡಿ, ಬೆನ್ನ ಮೇಲೆ ಪುಟ್ಟ ನೊಣದ ಗುರುತು, ಅರವತ್ತು ವರ್ಷದ ಅಂಗೈ ಉಜ್ಜಿ ಬೆಣ್ಣೆಯಾಗಿತ್ತು.

"ಪಟ್ಟಣದ ಚಾಕುವಿನೋನ ಹತ್ರ..." ಎಂದು ಉರ್ಬೇನ್ ಬಾಯಿ ತೆರೆದ.

"ಪಟ್ಟಣಕ್ಕೆ ಹೋಗಿಬರೋ ತನಕ ಊಟ ಯಾವುದ್ರಲ್ಲಿ ಮಾಡ್ಲಿ, ನಿನ್ನ ತಲೇಲಾ? ಆಗುತ್ತಾ ಆಗಲ್ವಾ ಹೇಳು."

"ಆಗುತ್ತೆ ಮಾವ."

ಹುಲ್ಲು ನೋಡಿಕೊಳ್ಳಲು ಒಬ್ಬರು ಮನೆಯಲ್ಲಿ ಇರಬೇಕಲ್ಲ ಎಂಬ ನೆಪದಲ್ಲಿ ಉರ್ಬೇನ್ ಚರ್ಚಿಗೆ ಹೋಗಲಿಲ್ಲ. ಅಲಗನ್ನು ಹಿಡಿದಿಟ್ಟ ರಿವೆಟ್ ಮೊಳೆ ಬಡಿದು ತೆಗೆದ, ಅಲಗು ಬಿಡಿಸಿದ, ಹಳೇ ಎಣ್ಣೆ ಒರೆಸಿದ. ಎಂಥ ಅಲಗು ಅದು! ಹೊಸ ರಿವೆಟ್ ಹಾಕಿ ಬಿಗಿ ಮಾಡಿದ್ದರೆ ಅರ್ಧ ಗಂಟೆಯ ಕೆಲಸ. ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಅಲಗಿನ ಬುಡದಲ್ಲಿರುವ ಕಚ್ಚು ಅವನ ಕಣ್ಣಿಗೆ ಬಿತ್ತು. ಚಾಕು ಬಿಚ್ಚಿದಾಗ ಬೆನ್ನಿನ ಸ್ಪ್ರಿಂಗಿನ ತುದಿ ಬಂದು ಕೂರುವುದು ಆ ಕಚ್ಚಿನಲ್ಲೇ. ಕಚ್ಚು ಸ್ವಲ್ಪ ಆಳವಾದರೆ ಮಡಚುವುದು ಸ್ವಲ್ಪ ಬಿಗಿಯಾಗುತ್ತದೆ. ಸ್ವಲ್ಪ ಬಿಗಿಯಾದರೆ ಮುದುಕನ ಹೆಬ್ಬೆರಳು ಸ್ವಲ್ಪ ಹೊತ್ತು ತಿಣುಕುತ್ತದೆ. ಸ್ವಲ್ಪ ಹೊತ್ತು ಅಂದರೆ ಒಂದು ತುಂಡು ಚೀಸ್.

ಉರ್ಬೇನ್ ಅರ ಎತ್ತಿಕೊಂಡ. ಒಂದೆಳೆ ಎಳೆದ. ಸಾಕು ಅನ್ನಿಸಿತು. ಹನ್ನೊಂದು ವರ್ಷ ನೆನಪಾಯಿತು, ಇನ್ನೊಂದೆಳೆ ಎಳೆದ. ಉಪ್ಪುಹಂದಿಯ ಅರ್ಧ ತುಂಡು ತಟ್ಟೆಯಲ್ಲೇ ಬಿಟ್ಟು ಎದ್ದ ಕ್ರಿಸ್ಮಸ್ ನೆನಪಾಯಿತು, ಮೂರನೇ ಎಳೆಯನ್ನೂ ಎಳೆದ. ಅಷ್ಟರಲ್ಲಿ ಗಾಡಿಯ ಸದ್ದು ಕೇಳಿತು. ದಡಬಡ ಸ್ಪ್ರಿಂಗ್ ಕೂರಿಸಿ, ರಿವೆಟ್ ಬಡಿದು, ಮಡಚಿದ ಸ್ಥಿತಿಯಲ್ಲೇ ಜೋಡಿಸಿ ಎದ್ದ. ಬಿಚ್ಚಿ ಮಡಚಿ ನೋಡಲು ಪುರುಸೊತ್ತಾಗಲಿಲ್ಲ. ಮಾವ ಬಾಗಿಲಲ್ಲೇ ಕೈ ಚಾಚಿ ನಿಂತಿದ್ದ.

ಮೇಜಿಗೆ ಮೂವರು ಗಂಡಸರು ಕೂತರು: ಜೆಫಿರೇನ್, ಉರ್ಬೇನ್, ಹುಲ್ಲಿಗೆ ಸಹಾಯಕ್ಕೆ ತನ್ನ ಎತ್ತಿನಗಾಡಿ ತಂದಿದ್ದ ಬಾಜಿಲ್. ಬೀರುವಿನ ಪಕ್ಕ ನೊಯೆಲಿ, ಅವಳ ಪಕ್ಕ ಅತ್ತೆ ಫಿಲೊಮೆನ್. ಅತ್ತೆಗೆ ಕಾಲು ಊದುವ ಕಾಯಿಲೆ; ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತ ನಿಲ್ಲುವಳು.

"ಸೂಪು ಕುಡಿದು ಹೊರಡೋದು" ಎಂದ ಜೆಫಿರೇನ್. "ಮೂರು ಗಂಟೆಗೆ ಮಳೆ."

ಚಾಕು ಬಿಚ್ಚಿದ. ಎಂದಿನ ಶಬ್ದವಲ್ಲ, ಕೋಣೆಯ ಬಾಗಿಲಿಗೆ ಅಗುಳಿ ಬಿದ್ದಂತೆ 'ಠಕ್' ಎಂದಿತು.  ಉರ್ಬೇನನ ಕಿವಿಗೆ ಆಗಲೇ ತಿಳಿದುಹೋಗಿತ್ತು: ಮೂರನೇ ಎಳೆ ಹೆಚ್ಚಾಯಿತು.

ಶಿಲುಬೆ ಗೀರಿದ್ದಾಯಿತು, ಬ್ರೆಡ್ ಕೊಯ್ದದ್ದಾಯಿತು, ಸೂಪು ಮುಗಿಯಿತು. ಜೆಫಿರೇನ್ ಅಲಗು ಒರೆಸಿ ಹೆಬ್ಬೆರಳು ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಉಗುರು ಬೆಳ್ಳಗಾಯಿತು. ಬಾಜಿಲ್ ಏಳಲು ಅರ್ಧ ತಯಾರಾಗಿದ್ದವನು ಕುಂಡೆ ಮತ್ತೆ ಬೆಂಚಿಗೆ ಇಟ್ಟ. ಜೆಫಿರೇನ್ ಒಂದು ಗಳಿಗೆ ಚಾಕುವನ್ನು ನೋಡಿದ. ಆಮೇಲೆ, ಬಿಚ್ಚಿಟ್ಟುಕೊಂಡದ್ದು ಅದಕ್ಕೇ ಎಂಬಂತೆ, ಇನ್ನೊಂದು ತುಂಡು ಬ್ರೆಡ್ ಕೊಯ್ದ.

"ಹಂದಿಮಾಂಸ ಇಲ್ವಾ?" ಎಂದ ಗಡುಸಾಗಿ.

ಹೆಂಗಸರು ಮುಖ ಮುಖ ನೋಡಿಕೊಂಡರು. "ನೀವೇ ಬೇಡ ಅಂದ್ರಲ್ರೀ" ಎಂದಳು ಫಿಲೊಮೆನ್.

"ಈಗ ಬೇಕು ಅಂತಿದೀನಿ."

ಹಂದಿಮಾಂಸ ಬಂತು. ಅದು ಮುಗಿಯುವಷ್ಟರಲ್ಲಿ ಮುದುಕನ ಎರಡೂ ಕೈ ಮೇಜಿನ ಕೆಳಗೆ ಹೋಗಿದ್ದವು. ಮೊಣಕಾಲಿಗೆ ಒತ್ತಿಟ್ಟು ಮಡಚಲು ನೋಡುತ್ತಿದ್ದಾನೆಂದು ಉರ್ಬೇನನಿಗೆ ಭುಜದ ನಡುಕದಿಂದಲೇ ಗೊತ್ತಾಯಿತು. ಆಗಲಿಲ್ಲ. ಚಾಕು ಮೇಲೆ ಬಂತು, ಮತ್ತೊಂದು ತುಂಡು ಬ್ರೆಡ್ ಕೊಯ್ಯಿತು. ಮೇಜಿನ ತುದಿಯಲ್ಲಿ ಬ್ರೆಡ್ಡಿನ ಗುಡ್ಡೆ ಬೆಳೆಯತೊಡಗಿತು.

"ಏಳಿ" ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವುದು ಹೇಗೆ ಸ್ವಾಮಿ! ಆ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಬಾಯಲ್ಲಿ 'ಏಳಿ' ಅಂದವರಿಲ್ಲ, ಚಾಕು ಹೇಳುತ್ತಿತ್ತು. ಬಿಚ್ಚಿದ ಚಾಕು ಮೇಜಿನ ಮೇಲೆ ಬಿಟ್ಟು ಎದ್ದರೆ ಮನೆಯಲ್ಲಿ ಜಗಳ ಹುಟ್ಟುತ್ತದೆಂದು ನಂಬಿಕೆ. ಬಿಚ್ಚಿದ್ದನ್ನೇ ಜೇಬಿಗೆ ಇಳಿಸಿದರೆ ತೊಡೆ ಹರಿಯುತ್ತದೆ. 'ನನ್ನ ಚಾಕು ಮಡಚಲು ನನ್ನ ಕೈಲಾಗುತ್ತಿಲ್ಲ' ಎಂದು, ಅದೂ ಊರಿನ ಗೆಜೆಟ್ಟಿನಂತಿರುವ ಬಾಜಿಲ್ ಎದುರಿಗೆ, ಹೇಳುವುದಕ್ಕಿಂತ ಜೆಫಿರೇನ್ ವರ್ಷದ ಹುಲ್ಲನ್ನೆಲ್ಲ ಕೊಳೆಯಲು ಬಿಟ್ಟಾನು.

"ಇನ್ನೇನಿದೆ?" ಎಂದ.

"ಅಲಿಗೊಗೆ ಆಲೂಗಡ್ಡೆ ಬೇಯಿಸಿಟ್ಟಿದೀನಿ ಅಪ್ಪಾ, ರಾತ್ರಿಗೆ ಅಂತ" ಎಂದಳು ನೊಯೆಲಿ.

"ಈಗ್ಲೇ ಮಾಡಿ ತಗೊಂಡ್ಬಾ."

ಅಲಿಗೊ ಅಂದರೆ ಬೇಯಿಸಿದ ಆಲೂಗಡ್ಡೆಗೆ ಎಳೆಯ ಚೀಸ್ ಸೇರಿಸಿ, ನೂಲು ಬರುವಷ್ಟು ಬಡಿದು ತಯಾರಿಸುವ ಮುದ್ದೆ. ಒಲೆ ಮೇಲಿಂದ ಇಳಿಸಿದ ಕೂಡಲೇ ತಿನ್ನಬೇಕು. ಬಿಸಿಬಿಸಿ ಅಲಿಗೊ ತಟ್ಟೆಯಿಂದ ಬಾಯಿಗೆ ಮೊಳದುದ್ದ ಎಳೆ ಎಳೆಯುತ್ತ ಬಾಜಿಲ್ ಕಣ್ಣು ಮುಚ್ಚಿದ. "ಯಜಮಾನ್ರೇ, ನಲವತ್ತು ವರ್ಷದಿಂದ ನಿಮ್ಮ ಪಕ್ಕದಲ್ಲಿದೀನಿ. ನೀವು ಇಷ್ಟು ಒಳ್ಳೇವ್ರು ಅಂತ ಗೊತ್ತೇ ಇರ್ಲಿಲ್ಲ" ಎಂದ.

"ಬಾಯಿ ಮುಚ್ಕೊಂಡು ತಿನ್ನಯ್ಯಾ."

ಉರ್ಬೇನನ ಸ್ಥಿತಿ ವರ್ಣಿಸಲಾಗದು. ಹೆದರಿಕೆಯಿಂದ ಬೆವರುತ್ತಿದ್ದ, ಆದರೆ ಹೊಟ್ಟೆ ಹಬ್ಬ ಮಾಡುತ್ತಿತ್ತು. ಈಗಲೇ ಹೇಳಿಬಿಡಬೇಕು ಎಂದುಕೊಂಡ. ಅಷ್ಟರಲ್ಲಿ ಇನ್ನೊಂದು ಸೌಟು ಬಿತ್ತು. ಇದಾದ ಮೇಲೆ ಹೇಳುತ್ತೇನೆ ಎಂದುಕೊಂಡ. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಮಾವನ ಅಪ್ಪನ ಚಾಕುವಿಗೆ ಬೇಕೆಂದೇ ಅರ ಹಾಕಿದ ಮನೆಅಳಿಯ! ಪೆಟ್ಟಿಗೆ ಹೊತ್ತು ಬಂದ ದಾರಿಯಲ್ಲೇ ಪೆಟ್ಟಿಗೆ ಹೊತ್ತು ಹೋಗಬೇಕಾದೀತು.

ಆಮೇಲೆ ಚೀಸ್ ಬಂತು.

ನೊಯೆಲಿ ಚೀಸಿನ ಗಾಲಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಗಂಡನ ಮುಂದೆ ಇಟ್ಟಳು. ಉರ್ಬೇನ್ ತನ್ನ ಕರೀ ಕೊಂಬಿನ ಚಾಕುವಿನಿಂದ ಒಂದು ತುಂಡು ಕೊಯ್ದ. ನಿಧಾನವಾಗಿ ಸಿಪ್ಪೆ ಬಿಡಿಸಿದ. ಬ್ರೆಡ್ಡಿನ ಮೇಲಿಟ್ಟ. ತಿಂದ. ಯಾರೂ ತಡೆಯಲಿಲ್ಲ. ಇನ್ನೊಂದು ಕೊಯ್ದ. ಹುಲ್ಲಿನ, ಹಾಲಿನ, ಸ್ವಲ್ಪ ಹಳೇ ನೆಲಮಾಳಿಗೆಯ ರುಚಿ. ಕೊಟ್ಟಿಗೆಯಲ್ಲಿ ತಿಂದದ್ದು ಇದೇ ಚೀಸೇ? ಇರಲಾರದು ಅನ್ನಿಸಿತು. ಮೇಜಿನ ಕೆಳಗೆ ಕಾಲು ಚಾಚಿ ಕೂತ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬೆನ್ನು ಗೋಡೆಗೆ ಒರಗಿಸಿದ.

ಗಡಿಯಾರ ಎರಡು ಹೊಡೆಯಿತು. ಗುಡ್ಡದಾಚೆ ಗುಡುಗು ಉರುಳಿತು.

"ಹುಲ್ಲು..." ಎಂದ ಬಾಜಿಲ್ ಬಾಯಲ್ಲಿ ಚೀಸ್ ಇಟ್ಟುಕೊಂಡು.

"ಹುಲ್ಲು ನಂದು" ಎಂದ ಜೆಫಿರೇನ್. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. "ಇನ್ನೇನಿದೆ?"

"ಇನ್ನೇನಿರುತ್ರೀ! ಮೇರಿ ಮಾತೆ ಹಬ್ಬಕ್ಕೆ ಅಂತ ಇಟ್ಟಿರೋ ಒಣದ್ರಾಕ್ಷಿ ಇದೆ. ಅದೂ ತರ್ಲಾ? ಆಮೇಲೆ ಕೋಳಿ ಕಾಳು ತರ್ತೀನಿ" ಎಂದಳು ಫಿಲೊಮೆನ್.

ಸಿಟ್ಟಿನಿಂದಲೇ ಹೇಳಿದಳು, ಆದರೆ ಕೊನೆಯ ಮಾತಿಗೆ ದನಿ ನಡುಗಿತು. ಬೀರುವಿನ ಅಂಚನ್ನು ಹಿಡಿದುಕೊಂಡಳು. ಎರಡು ತಾಸಿನಿಂದ ನಿಂತೇ ಇದ್ದಳು. ಕಣಕಾಲು ಬೂಟಿನ ಮೇಲಕ್ಕೆ ಹಿಟ್ಟಿನ ಹಾಗೆ ಉಬ್ಬಿ ಬಂದಿತ್ತು. ಉರ್ಬೇನ್ ನೋಡಿದ್ದು ಅವಳನ್ನಲ್ಲ, ಮಾವನನ್ನು. ಹುಲ್ಲು ಹಾಳಾಗುತ್ತಿದ್ದರೂ ಕಲ್ಲಿನಂತಿದ್ದ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಮುದುಕ ಎರಡೂ ಕೈಯಿಂದ, ಯಾರು ನೋಡುತ್ತಾರೆಂಬುದನ್ನೂ ಮರೆತು, ಮೇಜಿನ ಮೇಲೇ ಚಾಕುವಿನೊಂದಿಗೆ ಗುದ್ದಾಡತೊಡಗಿದ.

"ಫಿಲೊಮೆನ್, ಕೂತ್ಕೊ."

"ಹೆಂಗ್ರೀ ಕೂತ್ಕೊಳ್ಲಿ? ನೀವು ಚಾಕು ಮಡಚಿಲ್ಲ."

"ಕೂತ್ಕೊ ಅಂದ್ನಲ್ಲ!"

"ಪಕ್ಕದ ಮನೆಯೋರು ಕೂತವ್ರೆ. ಗಂಡಸರು ಉಣ್ತಿರೋವಾಗ ಕೂತಳು ಅನ್ನಿಸ್ಕೊಳ್ಲಾ ಈ ವಯಸ್ಸಲ್ಲಿ?"

ಜೆಫಿರೇನನ ಹೆಬ್ಬೆರಳು ಜಾರಿತು, ರಕ್ತ ಬಂತು. ಅವನು ಅದನ್ನು ನೋಡಲೂ ಇಲ್ಲ.

ಉರ್ಬೇನನ ಬಾಯಲ್ಲಿದ್ದ ಚೀಸ್ ಮಣ್ಣಾಯಿತು. ನಾಚಿಕೆ ಎಂದರೆ ಏನೆಂದು ಅವನಿಗೆ ಆ ಕ್ಷಣ ಗೊತ್ತಾಯಿತು. "ಮಾವ, ಇಲ್ಲಿ ಕೊಡಿ. ಕೆಡಿಸಿದ್ದು ನಾನೇ. ಬೇಕು ಅಂತಲೇ" ಎಂದ.

ಬಾಜಿಲ್ ಅಗಿಯುವುದು ನಿಲ್ಲಿಸಿದ. ಜೆಫಿರೇನ್ ಚಾಕು ಮುಂದೆ ತಳ್ಳಿದ. ಉರ್ಬೇನ್ ಎಡಜೇಬಿನ ದಬ್ಬಳ ತೆಗೆದು ಸ್ಪ್ರಿಂಗಿನ ತುದಿಗೆ ತೂರಿಸಿ, ಮೇಲಕ್ಕೆ ಮೀಟಿ, ಅಲಗು ತಳ್ಳಿದ. ಟಕ್.

ಫಿಲೊಮೆನ್ ಹತ್ತಿರದ ಬೆಂಚಿನ ಮೇಲೆ ಕುಸಿದು ಕೂತಳು. ನೊಯೆಲಿ ಅವಳ ಕಾಲ ಬಳಿ ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಬಾಜಿಲ್, ಇಂಥ ಹೊತ್ತಿನಲ್ಲಿ ಎತ್ತುಗಳ ನೆನಪು ಬರುವಷ್ಟು ಮರ್ಯಾದೆಸ್ಥ, ಹೊರಗೆ ಹೋದ. ಬಾಗಿಲ ಹಿಂದೆಯೇ ನಿಂತಿದ್ದ ಎಂಬುದು ಬೇರೆ ಮಾತು. ಇಲ್ಲದಿದ್ದರೆ ನಮಗೆ ಇದೆಲ್ಲ ಹೇಗೆ ಗೊತ್ತಾಗಬೇಕಿತ್ತು?

ಜೆಫಿರೇನ್ ಬೆರಳಿಗೆ ಕರವಸ್ತ್ರ ಸುತ್ತಿಕೊಂಡ. "ಯಾಕೆ?" ಎಂದ.

"ಚೀಸ್‌ಗೆ" ಎಂದ ಉರ್ಬೇನ್.  "ಹನ್ನೊಂದು ವರ್ಷ ಆಯ್ತು ಮಾವ. ನೀವು ಉಣ್ಣೋಕೇ ಬಿಡಲ್ಲ."

ಮುದುಕ ಕರವಸ್ತ್ರದ ಗಂಟು ಬಿಗಿದ. "ನಮ್ಮಪ್ಪ ಎರಡು ಗಂಟೆ ಉಣ್ಣೋನು. ನಿನ್ನ ಥರಾನೇ, ಮೆಲುಕು ಹಾಕ್ಕೊಂಡು. ಮದುವೆ ಆದ ವರ್ಷ ನಿಮ್ಮತ್ತೆ ಏಳು ತಿಂಗಳ ಬಸುರಿ. ಅಲ್ಲೇ ನಿಂತಿದ್ಲು, ಬೀರು ಹತ್ರ. ಅಲ್ಲೇ ಬಿದ್ಲು. ಅಪ್ಪ ಚಾಕು ಮಡಚ್ಲಿಲ್ಲ, ಅದಕ್ಕೆ ನಾನೂ ಏಳ್ಲಿಲ್ಲ. ಮಗು ಉಳೀಲಿಲ್ಲ."

 ನೊಯೆಲಿ ದಾರ ಹಿಡಿದ ಕೈ ಹಾಗೇ ನಿಲ್ಲಿಸಿ ತಾಯಿಯ ಮುಖ ನೋಡಿದಳು. ಅವಳಿಗೂ ಇದು ಗೊತ್ತಿರಲಿಲ್ಲ.

"ಆ ಚಾಕು ನನ್ನ ಕೈಗೆ ಬಂದ ದಿನದಿಂದ ಬೇಗ ಮಡಚ್ತೀನಿ" ಎಂದ ಜೆಫಿರೇನ್.

"ಅತ್ತೇನೇ ಕೂರ್ಸಿಬಿಡಬಹುದಿತ್ತಲ್ಲ ಮಾವ, ನಮ್ಮ ಜೊತೇಲೇ?"

"ಹೆಂಗಸರನ್ನ ಮೇಜಿಗೆ ಕೂರಿಸ್ಕೊಂಡ ಅಂತ ಊರು ನಗುತ್ತೆ. ಬೇಗ ಮಡಚಿದ್ರೆ ನಗಲ್ಲ, ಬೈಕೋತಾರೆ. ಬೈಸ್ಕೊಳ್ಳೋದು ಸುಲಭ." ಎದ್ದು ಟೋಪಿ ಹಾಕಿಕೊಂಡ. "ಹೊಟ್ಟೆ ತುಂಬ್ತಲ್ಲ? ನಾಲ್ಕಾಳಿನ ಹುಲ್ಲು ನೀನೊಬ್ಬನೇ ಎತ್ತು ನಡಿ."

ಎತ್ತಿದ. ಅಲಿಗೊ ತುಂಬಿದ ಹೊಟ್ಟೆ ಹೊತ್ತು, ಏಳು ಚಾಕು ಕಿಣಿಕಿಣಿ ಎನ್ನುತ್ತ, ಜೀವ ಬಾಯಿಗೆ ಬರುವಂತೆ ಎತ್ತಿದ. ಅರ್ಧ ಹುಲ್ಲು ಒಳಗೆ ಬಂತು, ಅರ್ಧ ಮಳೆಗೆ ಹೋಯಿತು. ಪೆಟ್ಟಿಗೆ ಹೊತ್ತು ಹೊರಡು ಎಂದು ಮಾತ್ರ ಯಾರೂ ಹೇಳಲಿಲ್ಲ.

ರಾತ್ರಿ ಮಳೆ ಹುಯ್ಯುತ್ತಿತ್ತು, ಬಾಜಿಲ್ ಊಟಕ್ಕೆ ಉಳಿದ. ಅಳಿಯ ಸಂಜೆ ಸರಿಮಾಡಿಕೊಟ್ಟಿದ್ದ ಚಾಕುವಿನಿಂದ ಜೆಫಿರೇನ್ ಬ್ರೆಡ್ ಕೊಯ್ದ. ಸೂಪಾಯಿತು. ಬಿಸಿ ಆಲೂಗಡ್ಡೆಯ ಪಾತ್ರೆ ಮೇಜಿಗೆ ಬಂದದ್ದೇ ತಡ, ಉರ್ಬೇನ್ ತನ್ನ ಚಾಕು ಒರೆಸಿ ಟಕ್ ಎಂದು ಮಡಚಿದ. ಯಜಮಾನನಿಗಿಂತ ಮುಂಚೆ ಮಡಚುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಬಾಜಿಲ್ ಚಮಚ ಕೆಳಗೆ ಬೀಳಿಸಿದ. ಉರ್ಬೇನ್ ಎದ್ದು ನಿಂತು ತನ್ನ ಜಾಗ ತೋರಿಸಿದ.

"ನೊಯೆಲಿ, ಕೂತ್ಕೊ. ಅತ್ತೇ, ನೀವೂ ಬನ್ನಿ. ಬಿಸಿ ಇದೆ."

"ಏನ್ರೀ ಇದು, ಮೈ ಹುಷಾರಿಲ್ವಾ?" ಎಂದಳು ನೊಯೆಲಿ.

"ಹುಷಾರಾಗಿದೀನಿ. ಕೂತ್ಕೊ."

ಎಲ್ಲರೂ ಮೇಜಿನ ತುದಿಯ ಕಡೆ ನೋಡಿದರು. ಜೆಫಿರೇನ್ ಅಳಿಯನನ್ನು ನೋಡಲಿಲ್ಲ. ತನ್ನ ಪಕ್ಕದ ಬೆಂಚಿನ ಮೇಲಿದ್ದ ಟೋಪಿಯನ್ನು ತೆಗೆದು ಜಾಗ ಮಾಡಿದ, ಅಷ್ಟೆ. ಫಿಲೊಮೆನ್ ಗೊಣಗುತ್ತ ಬಂದು ಅಲ್ಲಿ ಕೂತಳು. ನೊಯೆಲಿ ಗಂಡನ ಜಾಗದಲ್ಲಿ ಕೂತು ತಟ್ಟೆಗೆ ಹಾಕಿಕೊಂಡು, ಗಂಡನ ಕಡೆಗೆ ಅಂಗೈ ಚಾಚಿದಳು.

"ಏನು?"

"ಕೈಯಲ್ಲಿ ಕಿತ್ಕೊಂಡು ತಿನ್ಲಾ? ಚಾಕು."

ಉರ್ಬೇನ್ ವೇಸ್ಟ್‌ಕೋಟಿನಿಂದ ಹೊಗೆಸೊಪ್ಪಿನದನ್ನು ತೆಗೆದ. ಅವಳು ತಲೆಯಲ್ಲಾಡಿಸಿದಳು. ಕಾಲುಚೀಲದ್ದು ತೆಗೆದ. ಅವಳು ಮೂಗು ಮುಚ್ಚಿಕೊಂಡಳು. ಅವಳ ಕಣ್ಣು ಬಲಜೇಬಿನ ಮೇಲಿತ್ತು. ಬಾಜಿಲ್ ಖುಷಿಯಿಂದ ಬೆಂಚಿನ ಮೇಲೆ ಕುಣಿಯುತ್ತಿದ್ದ. ಉರ್ಬೇನ್, ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು, ಕರೀ ಕೊಂಬಿನ ಊಟದ ಚಾಕುವನ್ನು ಅವಳ ಕೈಯಲ್ಲಿಟ್ಟ.

ನೊಯೆಲಿ ಉಂಡಳು. ಅಯ್ಯೋ, ಉಂಡ ರೀತಿಯೇ! ನಿಧಾನಿ ಉರ್ಬೇನನೇ ಅವಳ ಮುಂದೆ ಬಿರುಗಾಳಿ. ಆಲೂಗಡ್ಡೆಗೆ ಉಪ್ಪು ಹಾಕಿ ರುಚಿ ನೋಡಿ ಮತ್ತೆ ಉಪ್ಪು ಹಾಕಿದಳು. ಅಮ್ಮನ ಜೊತೆ ಮಾತಾಡಿದಳು. ಬ್ರೆಡ್ಡಿನ ಅಂಚನ್ನು ಬೇರೆ, ತಿರುಳನ್ನು ಬೇರೆ ತಿಂದಳು. ಉರ್ಬೇನ್ ಬೀರುವಿನ ಪಕ್ಕ ವೈನಿನ ಹೂಜಿ ಹಿಡಿದು ನಿಂತಿದ್ದ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತ. ಹೊಟ್ಟೆ ಚುರುಗುಟ್ಟಲು ಶುರುವಾಗಿತ್ತು. ಜೆಫಿರೇನ್ ತನ್ನ ಚಾಕುವನ್ನು ಬಿಚ್ಚಿದ ಹಾಗೆಯೇ ಮುಂದೆ ಇಟ್ಟುಕೊಂಡು, ಅವಸರವಿಲ್ಲದೆ, ಮಗಳು ಚೀಸ್ ತಿನ್ನುವುದನ್ನು ನೋಡುತ್ತ ಕೂತಿದ್ದ.

ಕೊನೆಗೆ ನೊಯೆಲಿ ಅಲಗು ಒರೆಸಿ, ಮಡಚಿ, ಚಾಕುವನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು.

"ಅದು... ನನ್ನದು" ಎಂದ ಉರ್ಬೇನ್.

"ಇನ್ಮೇಲೆ ನನಗೂ ಒಂದು ಬೇಕಲ್ಲ."

"ಬೇಕು, ಸರಿ. ಆದ್ರೆ ಚಾಕು ಸುಮ್ನೆ ಕೊಡೋ ಹಾಗಿಲ್ಲ ಕಣೇ. ಬದಲಿಗೆ ಒಂದು ಕಾಸಾದ್ರೂ ಕೊಡಬೇಕು. ಇಲ್ದಿದ್ರೆ ಕೊಟ್ಟೋರ ತಗೊಂಡೋರ ಸಂಬಂಧ ಕತ್ತರಿಸಿ ಹೋಗುತ್ತೆ. ಗೊತ್ತಿಲ್ವಾ ನಿನಗೆ?" ಅವನ ದನಿಯಲ್ಲಿ ಆಸೆಯಿತ್ತು, ಹೆಂಡತಿಯ ಬಳಿ ಕಾಸಿರುವುದಿಲ್ಲ ಎಂಬುದು ಅವನಿಗೆ ಗೊತ್ತು.

ನೊಯೆಲಿ ಎದ್ದು ಅವನ ಕೈಯಿಂದ ಹೂಜಿ ತೆಗೆದುಕೊಂಡಳು.

"ಹನ್ನೊಂದು ವರ್ಷ ಅಲ್ಲಿ ನಿಂತಿದೀನಿ ಕಣ್ರೀ" ಎಂದಳು. "ಅದೇ ಕಾಸು. ಚಿಲ್ಲರೆ ನೀವೇ ವಾಪಸ್ ಕೊಡಬೇಕಾಗುತ್ತೆ. ಬನ್ನಿ, ಕೂತ್ಕೊಳ್ಳಿ, ಆಲೂಗಡ್ಡೆ ಆರಿಹೋಗಿದೆ."

ಉರ್ಬೇನ್ ಕೂತ. ಆಲೂಗಡ್ಡೆ ತಣ್ಣಗೆ ಕಲ್ಲಾಗಿತ್ತು. ಹೊಗೆಸೊಪ್ಪಿನ ಚಾಕುವಿನಿಂದ ಕೊಯ್ದುಕೊಂಡು ಅಷ್ಟನ್ನೂ ತಿಂದ.